ಬಳೆಚೂರಿನ ತೋರಣ: ನಮ್ಮ ಮನೆಗಳ ಕಲಾಗಾಜಿನ ಕಥೆ

ಹಳೆಯ ಗಾಜಿನ ವಸ್ತುಗಳನ್ನು ಕೂಡಿಸಿ ಮನೆಯಲ್ಲಿ ಚೆಂದವಾಗಿ ಜೋಡಿಸಿಡುವ ಹವ್ಯಾಸ ಈಗ ನಮ್ಮ ಊರುಗಳಿಗೂ ಬಂದಿದೆ. ಕಲಬುರಗಿಯ ಸೇಡಂ ರಸ್ತೆಯ ಬಡಾವಣೆಗಳಲ್ಲಿ ಯಾವ ಮನೆಗೆ ಹೋದರೂ ಪಡಸಾಲೆಯ ಕಪಾಟಿನಲ್ಲಿ ಒಂದು ಬಣ್ಣದ ಹೂದಾನಿ, ಹೈದರಾಬಾದಿನ ಹಳೆ ಸಾಮಾನಿನ ಅಂಗಡಿಯಿಂದ ತಂದ ಒಂದು ಕೆತ್ತನೆಯ ಬಟ್ಟಲು, ಬಣ್ಣಬಣ್ಣದ ಗಾಜಿನ ತುಂಡುಗಳನ್ನು ಕಾಯಿಸಿ ಒಂದಕ್ಕೊಂದು ಬೆಸೆದು ಮಾಡಿದ ಒಂದು ತಟ್ಟೆ ಕಾಣಬಹುದು. ‘ಬೆಲ್ಜಿಯಂನದು’, ‘ಬೊಹೀಮಿಯದ್ದು’ ಎಂದು ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ. ಅದೇ ಮನೆಯ ಅಜ್ಜಿ ಕೈಯಾರೆ ಮಾಡಿ ಬಾಗಿಲಿಗೆ ಕಟ್ಟಿದ್ದ ಬಳೆಚೂರಿನ ತೋರಣ ಮಾತ್ರ ಅಟ್ಟ ಸೇರಿರುತ್ತದೆ, ಇಲ್ಲವೆ ಕಸದೊಂದಿಗೆ ಹೋಗಿರುತ್ತದೆ. ಬೆಸೆದ ಗಾಜಿನ ಕಲೆಗೆ ನಮ್ಮಲ್ಲಿ ಸಿಗುವ ಅತ್ಯಂತ ಸಹಜ ಉದಾಹರಣೆ ಆ ತೋರಣವೇ. ಗಾಜಿನ ಸಂಗ್ರಹ ಅಲ್ಲಿಂದ ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ.

ನಿಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಇದನ್ನು ಮಾಡಿರಬಹುದು. ಒಡೆದ ಗಾಜಿನ ಬಳೆಯ ಚೂರನ್ನು ಮೇಣದ ಬತ್ತಿಯ ಅಥವಾ ಚಿಮಣಿಯ ಉರಿಗೆ ಹಿಡಿಯುತ್ತೇವೆ. ಸ್ವಲ್ಪ ಹೊತ್ತಿಗೆ ನಡುಭಾಗ ಮೆತ್ತಗಾಗಿ ಎರಡು ತುದಿಗಳೂ ಬಾಗಿ ಕೂಡುತ್ತವೆ. ಹೀಗಾದ ಕೊಂಡಿಯೊಳಗೆ ಇನ್ನೊಂದು ಚೂರನ್ನು ತೂರಿಸಿ ಅದನ್ನೂ ಬಾಗಿಸಿದರೆ ಸರಪಳಿ ಬೆಳೆಯುತ್ತದೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ಒಂದು ಮನೆಯ ದೇವರ ಕೋಣೆಯ ಬಾಗಿಲಿಗೆ ಇಂತಹ ತೋರಣವನ್ನು ಕಂಡೆ. ಹಸಿರು, ಕೆಂಪು, ಹಳದಿ ಕೊಂಡಿಗಳ ಹನ್ನೆರಡು ಎಳೆಗಳು. ಕೊಂಡಿಗಳ ಒಳಮೈಯಲ್ಲಿ ಮಸಿಯ ಗುರುತು ಇನ್ನೂ ಇತ್ತು. ಅದನ್ನು ಮಾಡಿದ ಹಿರಿಯರು ಒಂದು ಮಾತು ಹೇಳಿದರು. ಒಂದೇ ಡಜನ್ನಿನ ಬಳೆಗಳ ಚೂರುಗಳ ತುದಿಗಳು ಒಂದಕ್ಕೊಂದು ಚೆನ್ನಾಗಿ ಅಂಟುತ್ತವೆ. ಬೇರೆ ಬೇರೆ ಬಳೆಗಳದಾದರೆ ಅಂಟಿದಂತೆ ಕಂಡರೂ ತಣ್ಣಗಾದ ಮೇಲೆ ಟಣ್ಣೆಂದು ಸಿಡಿಯುತ್ತವೆ. ಗಾಜು ಬೆಸೆಯುವ ವಿದ್ಯೆಯ ತಿರುಳೇ ಈ ಮಾತಿನಲ್ಲಿದೆ. ಅದರ ಲೆಕ್ಕವನ್ನು ಮುಂದೆ ನೋಡೋಣ.

ಗಾಜು ಹರಳುಗಳಿಲ್ಲದ, ಅಸ್ಫಟಿಕ ಘನ. ಮಂಜುಗಡ್ಡೆಯಂತೆ ಅದು ಒಂದು ನಿರ್ದಿಷ್ಟ ತಾಪದಲ್ಲಿ ಕರಗುವುದಿಲ್ಲ. ತಾಪ ಏರಿದಂತೆ ಕ್ರಮೇಣ ಮೆತ್ತಗಾಗುತ್ತದೆ. ಬಳೆಗೆ ಬಳಸುವ ಸೋಡ-ಸುಣ್ಣದ ಗಾಜು ಸುಮಾರು 700 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ತನ್ನ ಭಾರಕ್ಕೆ ತಾನೇ ಬಾಗುವಷ್ಟು ಮೃದುವಾಗುತ್ತದೆ. ಮೇಣದ ಬತ್ತಿಯ ಜ್ವಾಲೆಯ ಹೊರ ಅಂಚು 1000 ಡಿಗ್ರಿಯನ್ನೂ ಮೀರುತ್ತದೆ. ಚೂರು ತೆಳುವಾಗಿರುವುದರಿಂದ ಆ ಪುಟ್ಟ ಉರಿಯೇ ಸಾಕು.

ಮಣಿಯಿಂದ ಬಳೆಗೆ

ಕರ್ನಾಟಕದಲ್ಲಿ ಗಾಜಿನ ಚರಿತ್ರೆ ಚಿಕ್ಕದಲ್ಲ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ನಡೆಸಿದ ಬ್ರಹ್ಮಗಿರಿಯ ಉತ್ಖನನದಲ್ಲಿಯೂ 1954ರಲ್ಲಿ ಬಿ. ಕೆ. ಥಾಪರ್ ನಡೆಸಿದ ಮಸ್ಕಿಯ ಉತ್ಖನನದಲ್ಲಿಯೂ ಗಾಜಿನ ಮಣಿಗಳು ದೊರೆತಿವೆ. ದಕ್ಷಿಣ ಭಾರತದ ಪ್ರಾಚೀನ ಗಾಜಿಗೆ ಒಂದು ರಾಸಾಯನಿಕ ಗುರುತು ಇದೆ. ಅದರಲ್ಲಿ ಅಲ್ಯುಮಿನಾದ ಪ್ರಮಾಣ ಶೇಕಡ 5ಕ್ಕೂ ಹೆಚ್ಚು. ರೋಮನ್ನರ ಗಾಜಿನಲ್ಲಿ ಅದು ಸಾಮಾನ್ಯವಾಗಿ 2ರಿಂದ 3. ನಮ್ಮವರು ಬಳಸಿದ್ದು ಗ್ರಾನೈಟು ಶಿಲೆ ಸವೆದು ಆದ ಮರಳು. ಅದರಲ್ಲಿನ ಫೆಲ್ಡ್‌ಸ್ಪಾರ್ ಖನಿಜದ ಮೂಲಕ ಅಲ್ಯುಮಿನಾ ಗಾಜಿನೊಳಕ್ಕೆ ಬಂತು. ಸೋಡ ದೊರೆತದ್ದು ನೆಲದ ಮೇಲೆ ಬೆಳ್ಳಗೆ ಉಬ್ಬುವ ಚೌಳಿನಿಂದ. ರೈತನಿಗೆ ಶಾಪವಾದ ಚೌಳು ಗಾಜುಗಾರನಿಗೆ ಕಚ್ಚಾಮಾಲು!

ಬಣ್ಣದ ಗಾಜುಗಳನ್ನು ಬೆಸೆಯುವ ಕಲೆ ನಮ್ಮ ಸೀಮೆಗೆ ಹತ್ತಿರವಾಗುವುದು ಬಹಮನಿಯರ ಕಾಲದಲ್ಲಿ. 1347ರಲ್ಲಿ ಸ್ಥಾಪನೆಯಾದ ಈ ರಾಜ್ಯಕ್ಕೆ 1420ರ ದಶಕದವರೆಗೆ ಕಲಬುರಗಿಯೇ ರಾಜಧಾನಿ. 1945-46ರಲ್ಲಿ ಎಚ್. ಡಿ. ಸಂಕಾಲಿಯ ಮತ್ತು ಎಂ. ಜಿ. ದೀಕ್ಷಿತ್ ಅವರು ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬವನ್ನು ಅಗೆದಾಗ ಬಹಮನಿ ಕಾಲದ ಸ್ತರದಲ್ಲಿ ಬಹುವರ್ಣದ ಗಾಜಿನ ಬಳೆಗಳ ಚೂರುಗಳು ಸಿಕ್ಕವು. ಕಡುಬಣ್ಣದ ಗಾಜಿನ ತಿರುಳಿನ ಮೇಲೆ ಬೇರೆ ಬಣ್ಣದ ಗಾಜಿನ ಎಳೆ, ಪಟ್ಟಿಗಳನ್ನು ಬಿಸಿಯಲ್ಲೇ ಕೂಡಿಸಿ ಮಾಡಿದ ಬಳೆಗಳು ಅವು. ಇಂದಿನ ಅಂಗಡಿಯ ‘ಬೆಸೆದ ಗಾಜಿನ’ ತಟ್ಟೆಯೂ ಆ ಬಳೆಯೂ ಒಂದೇ ತತ್ವದ ಮೇಲೆ ನಿಂತಿವೆ. ವ್ಯತ್ಯಾಸವೆಂದರೆ, ಆಗಿನ ಕುಶಲಕರ್ಮಿಯ ಬಳಿ ತಾಪಮಾಪಕವಿರಲಿಲ್ಲ.

ಈ ಕೆಲಸವನ್ನು ಕಣ್ಣಾರೆ ಕಂಡವರ ಬರಹ ಸಿಗುವುದು ನಾನೂರು ವರ್ಷಗಳ ಅನಂತರ. ಟಿಪ್ಪುವಿನ ಪತನದ ಬಳಿಕ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಂದಿನ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲೂಕಿನ ಮತ್ತೋಡಿನಲ್ಲಿ ಬಳೆಯ ಗಾಜು ತಯಾರಾಗುವುದನ್ನು ಕಂಡು ಬರೆದಿದ್ದಾನೆ. ಅವನ ಪ್ರವಾಸ ಗ್ರಂಥ 1807ರಲ್ಲಿ ಅಚ್ಚಾಯಿತು. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಕೂಡ ಮತ್ತೋಡನ್ನು ಹೆಸರಿಸುತ್ತದೆ. ಬೆಣಚುಕಲ್ಲಿನ ಪುಡಿ, ಸುತ್ತಲಿನ ಚೌಳಿನ ಸೋಡ, ಬಣ್ಣಕ್ಕೆ ಲೋಹದ ಅದಿರುಗಳು ಸೇರಿ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣದ ಗಾಜು ಅಲ್ಲಿ ತಯಾರಾಗುತ್ತಿತ್ತು. ಊರ ಕೋಟೆಗೋಡೆಯ ಒಳಮೈಗೆ ಕಟ್ಟಿದ ಜಗಲಿಯಲ್ಲಿ ಗುಮ್ಮಟದಾಕಾರದ ಕುಲುಮೆಗಳಿದ್ದವು. ಈ ಐದು ಬಣ್ಣಗಳ ಪಟ್ಟಿಯನ್ನು ರಸಾಯನ ವಿಜ್ಞಾನದ ಅಧ್ಯಾಪಕರು ತರಗತಿಯಲ್ಲಿ ಬಳಸಬಹುದು. ಕಬ್ಬಿಣ ಹೆಚ್ಚಿದರೆ ಗಾಜು ಕಪ್ಪಾಗುತ್ತದೆ. ತಾಮ್ರ ಮಾತ್ರ ಒಂದು ಸೋಜಿಗ: ಗಾಳಿಯಾಡುವ ಕುಲುಮೆಯಲ್ಲಿ ಅದು ಹಸಿರನ್ನೋ ನೀಲಿಯನ್ನೋ ಕೊಡುತ್ತದೆ, ಹೊಗೆಗೂಡಿದ ಅಪಕರ್ಷಕ ವಾತಾವರಣದಲ್ಲಿ ಸೂಕ್ಷ್ಮ ಕಣಗಳಾಗಿ ಬೇರ್ಪಟ್ಟು ಕೆಂಪು ಕೊಡುತ್ತದೆ.

ನಮ್ಮ ಸಾಂಪ್ರದಾಯಿಕ ಬಳೆಗೆ ಬೆಸುಗೆಯಿರಲಿಲ್ಲ. ಬಿಸಿ ಗಾಜಿನ ಉಂಡೆಗೆ ಮೊನಚು ಸಲಾಕೆಯಿಂದ ತೂತು ಮಾಡಿ, ಮಣ್ಣಿನ ಶಂಕುವಿಗೆ ತೊಡಿಸಿ ತಿರುಗಿಸುತ್ತ ಬೇಕಾದ ಅಳತೆಗೆ ಹಿಗ್ಗಿಸುತ್ತಿದ್ದರು. ಉತ್ತರ ಪ್ರದೇಶದ ಫಿರೋಜಾಬಾದಿನ ಬಳೆ ಹಾಗಲ್ಲ. ಅಲ್ಲಿ ಕರಗಿದ ಗಾಜಿನ ಎಳೆಯನ್ನು ತಿರುಗುವ ಉರುಳೆಯ ಮೇಲೆ ಸ್ಪ್ರಿಂಗಿನಂತೆ ಸುತ್ತಿ, ಉದ್ದಕ್ಕೆ ಕೊಯ್ದು, ಒಂದೊಂದು ಸುತ್ತಿನ ತುದಿಗಳನ್ನೂ ಸಣ್ಣ ಜ್ವಾಲೆಯಲ್ಲಿ ಕೂಡಿಸುತ್ತಾರೆ. ಅಗ್ಗದ ಆಮದು ಬಳೆ, ಆಮೇಲೆ ಫಿರೋಜಾಬಾದಿನ ಬಳೆ ಇವುಗಳ ಮುಂದೆ ಮತ್ತೋಡಿನ ಕುಲುಮೆಗಳು ಆರಿಹೋದವು. ಇಂದು ಶರಣಬಸವೇಶ್ವರ ಜಾತ್ರೆಯ ಸಾಲಂಗಡಿಗಳಲ್ಲಿ ಕಾಣುವುದು ಫಿರೋಜಾಬಾದಿನ ಮಾಲು. ಕೈಯಲ್ಲಿರುವ ಹಳೆಯ ಚೂರು ಯಾವ ಪದ್ಧತಿಯದೆಂದು ತಿಳಿಯಲು ಮೊದಲು ಬೆಸುಗೆಯ ಗಂಟನ್ನು ಹುಡುಕಬೇಕು. ಇಡೀ ಬಳೆಯಿದ್ದರೆ ಇದು ಸುಲಭ. ಚೂರಿನಲ್ಲಿ ಗಂಟು ಕಾಣಲಿಲ್ಲವೆಂದ ಮಾತ್ರಕ್ಕೆ ತೀರ್ಮಾನಕ್ಕೆ ಬರಬಾರದು. ಹೈದರಾಬಾದಿನ ಲಾಡ್ ಬಜಾರಿನ ಬಳೆ ಇದರೊಂದಿಗೆ ಬೆರೆಯದಿರಲಿ. ಅದರ ಮೈ ಅರಗು, ಗಾಜು ಅದರ ಮೇಲಿನ ಹರಳು ಮಾತ್ರ.

ಕೂಡುವ ಗಾಜು, ಕೂಡದ ಗಾಜು

ಈಗ ಕಮಲಾಪುರದ ಹಿರಿಯರ ಮಾತಿಗೆ ಬರೋಣ. ಎರಡು ಬಗೆಯ ಗಾಜುಗಳನ್ನು ಬೆಸೆದಿದ್ದೇವೆ ಎಂದಿಟ್ಟುಕೊಳ್ಳಿ. ಒಂದರ ರೇಖೀಯ ವ್ಯಾಕೋಚನ ಗುಣಾಂಕ ಪ್ರತಿ ಡಿಗ್ರಿಗೆ 9 × 10⁻⁶, ಇನ್ನೊಂದರದು 10 × 10⁻⁶. ಸುಮಾರು 500 ಡಿಗ್ರಿಯವರೆಗೆ ಗಾಜು ಅಲ್ಪಸ್ವಲ್ಪ ಹರಿದು ಒತ್ತಡವನ್ನು ಸಡಿಲಿಸಿಕೊಳ್ಳುತ್ತದೆ; ಅದರ ಕೆಳಗೆ ಪೂರ್ತಿ ಗಟ್ಟಿ. ಅಲ್ಲಿಂದ ಕೋಣೆಯ 30 ಡಿಗ್ರಿಗೆ ಇಳಿಯುವಾಗ ಎರಡೂ ಕುಗ್ಗುತ್ತವೆ, ಆದರೆ ಸಮನಾಗಿ ಅಲ್ಲ. ವ್ಯತ್ಯಾಸ 470 × 10⁻⁶, ಅಂದರೆ 4.7 × 10⁻⁴ರಷ್ಟು ವಿಕೃತಿ. ಗಾಜಿನ ಯಂಗ್ ಗುಣಾಂಕ ಸುಮಾರು 70 ಗಿಗಾಪ್ಯಾಸ್ಕಲ್. ಗುಣಿಸಿದರೆ 33 ಮೆಗಾಪ್ಯಾಸ್ಕಲ್. ಎರಡೂ ಪದರಗಳು ಸಮದಪ್ಪವಾಗಿದ್ದರೆ ಇದು ಹಂಚಿಹೋಗಿ ಒಂದೊಂದಕ್ಕೆ ಅರ್ಧದಷ್ಟು ಬೀಳುತ್ತದೆ. ಗೀರುಬಿದ್ದ ಸಾಮಾನ್ಯ ಗಾಜು ತಡೆಯುವ ಎಳೆತದ ಪೀಡನವೇ ಕೆಲವು ಹತ್ತು ಮೆಗಾಪ್ಯಾಸ್ಕಲ್‌ಗಳು. ಗುಣಾಂಕದಲ್ಲಿ ಇಷ್ಟು ಅಲ್ಪ ವ್ಯತ್ಯಾಸವಿದ್ದರೂ ವಸ್ತು ಅಪಾಯದ ಅಂಚಿಗೆ ಬರುತ್ತದೆ ಎಂದಾಯಿತು. ಪ್ರಯೋಗಶಾಲೆಯ ಬೋರೊಸಿಲಿಕೇಟ್ ಪ್ರನಾಳದ ಗುಣಾಂಕ 3.3 × 10⁻⁶. ಅದನ್ನು ಬಳೆಚೂರಿಗೆ ಬೆಸೆದರೆ ಏನಾಗುತ್ತದೆಂದು ನೀವೇ ಲೆಕ್ಕ ಮಾಡಿ. ಒಂದೇ ಮೂಸೆಯ ಗಾಜಿನಿಂದಾದ, ಒಂದೇ ಡಜನ್ನಿನ ಬಳೆಗಳಿಗೆ ಈ ತಾಪತ್ರಯವಿಲ್ಲ.

ಒಂದೇ ಗಾಜಾದರೂ ಬೇಗ ತಣಿಸಿದರೆ ಹೊರಮೈ ಮೊದಲು ಗಟ್ಟಿಯಾಗಿ ಒಳಗೆ ಪೀಡನ ಉಳಿಯುತ್ತದೆ. ತಣಿಯುವ ದರ ಒಂದೇ ಇದ್ದಾಗ ಈ ಪೀಡನ ದಪ್ಪದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 2 ಮಿಲಿಮೀಟರ್ ಬಳೆಗೆ ಹೋಲಿಸಿದರೆ 40 ಮಿಲಿಮೀಟರಿನ ಕಾಗದದ ಗುಂಡನ್ನು 400 ಪಟ್ಟು ನಿಧಾನವಾಗಿ ತಣಿಸಬೇಕು. ಬಳೆಚೂರನ್ನು ಉರಿಯಿಂದ ತೆಗೆದು ನೆಲಕ್ಕಿಟ್ಟರೂ ಉಳಿಯುವುದು ಇದರಿಂದ.

ಈ ಪೀಡನವನ್ನು ಕಣ್ಣಿಂದ ನೋಡಬಹುದು. ಕಂಪ್ಯೂಟರಿನ ಎಲ್‌ಸಿಡಿ ಪರದೆಯಿಂದ ಬರುವುದು ಧ್ರುವೀಕೃತ ಬೆಳಕು. ಪರದೆಯನ್ನು ಪೂರ್ತಿ ಬಿಳಿ ಮಾಡಿ, ಕಣ್ಣಿನ ಮುಂದೆ ಒಂದು ಪೋಲರಾಯ್ಡ್ ಹಾಳೆ ಹಿಡಿದು ಪರದೆ ಕಪ್ಪಾಗುವವರೆಗೆ ತಿರುಗಿಸಿ. ನಡುವೆ ಗಾಜಿನ ವಸ್ತುವನ್ನು ತನ್ನಿ. ಚೆನ್ನಾಗಿ ತಣಿಸಿದ ಪಾರದರ್ಶಕ ಗಾಜು ಕಪ್ಪಾಗಿಯೇ ಉಳಿಯುತ್ತದೆ, ಪೀಡನವಿರುವೆಡೆ ಬೆಳಗುತ್ತದೆ. ಪೀಡನಕ್ಕೊಳಗಾದ ಇಡೀ ಬಳೆಯಾದರೆ ಸುತ್ತಲೂ ಬೆಳಗಿ ನಾಲ್ಕು ಕಡೆ ಮಾತ್ರ ಕಪ್ಪಾಗಿರುತ್ತದೆ. ಅವು ಪೀಡನದ ದಿಕ್ಕು ಧ್ರುವಕದ ದಿಕ್ಕಿಗೆ ಸರಿಹೊಂದುವ ಸ್ಥಾನಗಳು. ಪೀಡನದಿಂದ ಗಾಜು ದ್ವಿವಕ್ರೀಭವನ ತೋರುವುದನ್ನು ಸುಮಾರು 1815ರಲ್ಲಿ ಗುರುತಿಸಿದವನು ಡೇವಿಡ್ ಬ್ರೂಸ್ಟರ್. ನಮ್ಮ ಮಕ್ಕಳು ಬಳೆಚೂರು ತುಂಬಿ ಮಾಡುವ ಬಹುರೂಪದರ್ಶಕಕ್ಕೆ 1817ರಲ್ಲಿ ಪೇಟೆಂಟ್ ಪಡೆದವನೂ ಇವನೇ. ಹಳೆಯ ವಸ್ತು ಕೊಳ್ಳುವ ಮುನ್ನ ಈ ಪರೀಕ್ಷೆ ಮಾಡಿ. ಬೆಸುಗೆಯ ಸುತ್ತ ಜೋರಾಗಿ ಬೆಳಗಿದರೆ, ಎಷ್ಟೇ ಚೆಂದವಿದ್ದರೂ ಕೊಳ್ಳದಿರುವುದು ಲೇಸು.

ಕಪಾಟಿನ ಉಳಿದ ವಸ್ತುಗಳ ಬಗ್ಗೆ ಎರಡು ಮಾತು. ಕೆತ್ತನೆಯ ಭಾರವಾದ ಬಟ್ಟಲು ಸೀಸದ ಗಾಜೇ ಎಂದು ಆರ್ಕಿಮಿಡೀಸನ ತತ್ವ ಹೇಳುತ್ತದೆ. ಗಾಳಿಯಲ್ಲಿ 250 ಗ್ರಾಂ ತೂಗುವ ವಸ್ತು ನೀರಿನಲ್ಲಿ 150 ಗ್ರಾಂ ತೂಗಿದರೆ ಸಾಂದ್ರತೆ 2.5, ಅದು ಸಾಧಾರಣ ಗಾಜು. ಸಾಂದ್ರತೆ 3ರ ಹತ್ತಿರವಿದ್ದರೆ ಸೀಸವಿದೆ, ಅದರಲ್ಲಿ ಉಪ್ಪಿನಕಾಯಿ, ಹುಳಿ ಪಾನಕ ಇಡಬೇಡಿ. ಹಳದಿ ಮಿಶ್ರಿತ ಹಸಿರು ಬಟ್ಟಲು ನೋಟು ಪರೀಕ್ಷಿಸುವ ಅತಿನೇರಳೆ ದೀಪದಡಿ ಕಡು ಹಸಿರಾಗಿ ಹೊಳೆದರೆ ಯುರೇನಿಯಂ ಗಾಜಿರಬಹುದು. 1830ರ ದಶಕದಿಂದ ಬೊಹೀಮಿಯದಲ್ಲಿ ಇದನ್ನು ವಿಶೇಷವಾಗಿ ತಯಾರಿಸಿದರು. ಕಪಾಟಿನಲ್ಲಿಟ್ಟು ನೋಡಲು ಅಡ್ಡಿಯಿಲ್ಲ. ಉಣ್ಣಲು ಬಳಸಬಾರದು, ಉಜ್ಜಿ ಪುಡಿ ಮಾಡಬಾರದು. ಬಣ್ಣವಿಲ್ಲದ ಹಳೆ ಕಂದೀಲಿನ ಗಾಜನ್ನೂ ಕಡೆಗಣಿಸಬೇಡಿ. 1908ರಲ್ಲಿ ತಳೇಗಾಂವಿನ ಪೈಸಾ ಫಂಡ್ ಕಾರ್ಖಾನೆ, 1916ರಲ್ಲಿ ಕರಾಡದ ಬಳಿಯ ಓಗಲೆ ಕಾರ್ಖಾನೆ ಹುಟ್ಟಿದ್ದು ಸ್ವದೇಶಿ ಚಳವಳಿಯ ಹುರುಪಿನಲ್ಲಿ. ಓಗಲೆಯವರ ‘ಪ್ರಭಾಕರ’ ಕಂದೀಲು ಮರಾಠಿ, ಕನ್ನಡ ಸೀಮೆಗಳೆರಡನ್ನೂ ಬೆಳಗಿತು.

ಇನ್ನೊಂದು ವಿಷಯವನ್ನು ಶಿಕ್ಷಕರಿಗೆ ಒತ್ತಿ ಹೇಳಬೇಕಾಗಿದೆ. ಸೇಡಂ ರಸ್ತೆಯಲ್ಲಿ ಮುಂದೆ ಸಾಗಿದರೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ. ಅತ್ತ ಭೀಮಾ ತೀರದಲ್ಲಿ ಸನ್ನತಿ. ಇಂತಹ ಹಳೆಯ ನೆಲೆಗಳಲ್ಲಿ ಮಳೆ ಬಿದ್ದ ಮೇಲೆ ಮಣಿ, ಬಳೆಚೂರು ಮೇಲೆ ಕಾಣುವುದುಂಟು. ಶಾಲಾ ಪ್ರವಾಸದಲ್ಲಿ ಮಕ್ಕಳು ಅವನ್ನು ಜೇಬಿಗೆ ತುಂಬಿಕೊಂಡರೆ ಆ ಚೂರಿನ ಅರ್ಧ ಚರಿತ್ರೆ ಅಲ್ಲೇ ಅಳಿಸಿಹೋಗುತ್ತದೆ. ಯಾವ ಗಾಜನ್ನು ಯಾವ ಚೌಳಿನಿಂದ ಮಾಡಿದರೆಂದು ಧಾತುಗಳ ವಿಶ್ಲೇಷಣೆ ಸೂಚಿಸಬಲ್ಲದು. ಆದರೆ ಚೂರು ಸಿಕ್ಕ ಜಾಗ, ಸ್ತರ ತಿಳಿಯದಿದ್ದರೆ ಆ ಉತ್ತರವನ್ನು ಯಾವ ಊರಿಗೆ, ಯಾವ ಶತಮಾನಕ್ಕೆ ಸೇರಿಸುವುದು? ಸಂರಕ್ಷಿತ ನೆಲೆಯಿಂದ ವಸ್ತು ಒಯ್ಯುವಂತಿಲ್ಲ. 1972ರ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು ಪುರಾತನ ವಸ್ತು ಎನಿಸುತ್ತದೆ. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಹೊಲದಲ್ಲಿ ಏನಾದರೂ ಕಂಡರೆ ಅಲ್ಲಿಯೇ ಬಿಟ್ಟು, ಪಕ್ಕದಲ್ಲಿ ಒಂದು ಅಳತೆಪಟ್ಟಿಯಿಟ್ಟು ಚಿತ್ರ ತೆಗೆದು, ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೋ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ತಿಳಿಸಿ.

ಮನೆಯ ತೋರಣಕ್ಕೂ ಒಂದು ಚೀಟಿ ಬೇಕು. ಮಾಡಿದವರು ಯಾರು, ಯಾವ ಊರು, ಸುಮಾರು ಯಾವ ವರ್ಷ, ಬಳೆಗಳನ್ನು ಯಾವ ಜಾತ್ರೆಯಲ್ಲಿ ಅಥವಾ ಯಾವ ಮನಿಯಾರನ ಹತ್ತಿರ ಕೊಂಡದ್ದು, ಕಾಯಿಸಿದ್ದು ಮೇಣದ ಬತ್ತಿಯಲ್ಲೋ ಚಿಮಣಿಯಲ್ಲೋ: ಇಷ್ಟನ್ನು ಬರೆದಿಡಿ, ಅದನ್ನು ಬಲ್ಲವರು ಇರುವಾಗಲೇ ಬರೆದಿಡಿ. ತೊಳೆಯುವಾಗ ಉಗುರುಬೆಚ್ಚಗಿನ ನೀರು, ಒಂದು ಹನಿ ಸಾಬೂನು ಸಾಕು. ಮಸಿಯನ್ನು ತಿಕ್ಕಿ ತೆಗೆಯಬೇಡಿ, ಉರಿ ಎಲ್ಲಿ ತಗುಲಿತ್ತೆಂಬುದಕ್ಕೆ ಇರುವ ಗುರುತು ಅದೊಂದೇ. ಮಳೆಗಾಲದಲ್ಲಿ ಗಾಜಿನ ಮೈ ಜಿಗುಟಾದರೆ ಗಾಜಿನೊಳಗಿನ ಕ್ಷಾರ ತೇವಕ್ಕೆ ಹೊರಬರುತ್ತಿದೆ ಎಂದು ತಿಳಿದು, ಒರೆಸಿ, ಗಾಳಿಯಾಡುವ ಒಣ ಜಾಗದಲ್ಲಿ ತೂಗುಹಾಕಿ. ಹಳೆಯ ದಾರ ಶಿಥಿಲವಾಗಿದ್ದರೆ ಮೊದಲು ಅದನ್ನು ಬದಲಿಸಿ. ನಾನು ಕಂಡ ತೋರಣಗಳಲ್ಲಿ ಹೆಚ್ಚಿನವು ಹಾಳಾದದ್ದು ಗಾಜಿನ ದೋಷದಿಂದಲ್ಲ, ದಾರ ಹರಿದು ಬಿದ್ದು.