ಹೃದ್ರೋಗ ತಜ್ಞರ ಸಂಘಗಳು: ಓದುಕೂಟದಿಂದ ಅಹವಾಲಿನವರೆಗೆ

ಹೃದ್ರೋಗ ಶಾಸ್ತ್ರ ವೈದ್ಯಕೀಯದ ಪ್ರತ್ಯೇಕ ಶಾಖೆಯಾಗಿ ತಲೆ ಎತ್ತಿದ್ದು ಇಸಿಜಿ ಯಂತ್ರ ಬಂದ ಮೇಲೆ. ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ವಿಲ್ಲೆಮ್ ಐಂಟ್‌ಹೋವನ್ 20ನೇ ಶತಮಾನದ ಆರಂಭದಲ್ಲಿ ರೂಪಿಸಿದ ಆ ಯಂತ್ರದ ಗೆರೆಗಳನ್ನು ಓದಬಲ್ಲ ವೈದ್ಯರು ಆಗ ವಿರಳ. ಓದಿದ್ದು ಸರಿಯೋ ತಪ್ಪೋ ಎಂದು ತಾಳೆ ನೋಡಲು ಅವರಿಗೊಂದು ಕೂಟ ಬೇಕಾಯಿತು. ಬ್ರಿಟನ್ನಿನಲ್ಲಿ 1922ರಲ್ಲಿ ಆಕ್ಸ್‌ಫರ್ಡಿನಲ್ಲಿ ಸೇರಿದ ‘ಕಾರ್ಡಿಯಾಕ್ ಕ್ಲಬ್’ ಅಂಥದ್ದು. ಸದಸ್ಯರು ಕೆಲವೇ ಮಂದಿ, ನಡೆಯುತ್ತಿದ್ದದ್ದು ವಿದ್ವತ್ ಚರ್ಚೆ ಮತ್ತು ಊಟ. 1937ರಲ್ಲಿ ಅದು ಬೆಳೆದು ಸೊಸೈಟಿಯಾಯಿತು. 1939ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ ಹೊರಬಂತು. ಜರ್ಮನಿಯ ಸಂಘ ಹುಟ್ಟಿದ್ದು 1927ರಲ್ಲಿ. ಈ ಮೊದಲ ಸಂಘಗಳಲ್ಲಿ ಸುದ್ದಿ ಎಂದರೆ ಸಂಶೋಧನಾ ಪ್ರಬಂಧ ಅಷ್ಟೇ. ಸರ್ಕಾರದ ಬಾಗಿಲು ತಟ್ಟುವುದು ತಮ್ಮ ಕೆಲಸವೆಂದು ಅವರಿಗೆ ಅನ್ನಿಸಿರಲಿಲ್ಲ.

ಅಮೆರಿಕದ ದಾರಿ ಬೇರೆ. ಅಲ್ಲಿ 1915ರಲ್ಲೇ ನ್ಯೂಯಾರ್ಕಿನಲ್ಲಿ ಹೃದ್ರೋಗ ತಡೆ ಮತ್ತು ಪರಿಹಾರಕ್ಕಾಗಿ ಒಂದು ಸಂಘ ಕೆಲಸ ಶುರು ಮಾಡಿತ್ತು. ಹೃದಯ ದುರ್ಬಲವಾದ ಕಾರ್ಮಿಕ ಮತ್ತೆ ದುಡಿಮೆಗೆ ಮರಳಬಹುದೇ, ರುಮ್ಯಾಟಿಕ್ ಜ್ವರ ತಗುಲಿದ ಮಗು ಶಾಲೆಗೆ ಹೋಗಬಹುದೇ ಎಂಬಂಥವು ಆ ಕಾಲದ ಪ್ರಶ್ನೆಗಳು. 1924ರಲ್ಲಿ ಆರು ಮಂದಿ ವೈದ್ಯರು ಸೇರಿ ಕಟ್ಟಿದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 1948ರಲ್ಲಿ ಸಾರ್ವಜನಿಕರನ್ನೂ ಒಳಗೆ ಬಿಟ್ಟುಕೊಂಡು, ದೇಣಿಗೆ ಎತ್ತುವ ಸ್ವಯಂಸೇವಾ ಸಂಸ್ಥೆಯಾಯಿತು. ಸ್ಥಾಪಕರಲ್ಲೊಬ್ಬರಾದ ಪಾಲ್ ಡಡ್ಲಿ ವೈಟ್, 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಪತ್ರಕರ್ತರ ಮುಂದೆ ಕುಳಿತು ರೋಗದ ವಿವರವನ್ನು ಇಡೀ ದೇಶಕ್ಕೆ ಪಾಠದಂತೆ ಹೇಳಿದರು. ಹೃದ್ರೋಗದ ಬಗ್ಗೆ ಜನ ಮುಚ್ಚುಮರೆಯಿಲ್ಲದೆ ಮಾತಾಡಲು ಅದು ನೆರವಾಯಿತು.

ಸಂಘ ಸಾರ್ವಜನಿಕರದ್ದಾದ ಮೇಲೆ ವೃತ್ತಿನಿರತ ವೈದ್ಯರ ಪರ ವಕಾಲತ್ತು ವಹಿಸುವವರು ಯಾರು? 1949ರ ಡಿಸೆಂಬರಿನಲ್ಲಿ ಹುಟ್ಟಿದ ಅಮೆರಿಕನ್ ಕಾಲೇಜ್ ಆಫ್ ಕಾರ್ಡಿಯಾಲಜಿ ಆ ಜಾಗ ತುಂಬಲು ಬಂದದ್ದು. ಅದರ ಮೊದಲ ಅಧ್ಯಕ್ಷ ಫ್ರಾಂಜ್ ಗ್ರೋಡೆಲ್ ಮತ್ತು ಜೊತೆಗಾರ ಬ್ರೂನೋ ಕಿಶ್ ಇಬ್ಬರೂ ನಾಜಿ ಆಡಳಿತದ ಕಾಲದಲ್ಲಿ ಜರ್ಮನಿ ತೊರೆದು ಬಂದವರು. ಕಿಶ್ ಅಂತೂ 1927ರ ಜರ್ಮನ್ ಸಂಘದ ಸ್ಥಾಪಕರಲ್ಲಿ ಒಬ್ಬರು. ಎರಡು ಖಂಡಗಳಲ್ಲಿ ಎರಡು ಸಂಘ ಕಟ್ಟಿದ ಇಂಥವರು ಈ ಕ್ಷೇತ್ರದ ಚರಿತ್ರೆಯಲ್ಲಿ ಅಪರೂಪ. ಹಳೆಯ ಹಾರ್ಟ್ ಅಸೋಸಿಯೇಷನ್ನಿನ ಹಿರಿಯರಿಗೆ ಈ ಹೊಸ ಕಾಲೇಜು ಹಿಡಿಸಲಿಲ್ಲ. ಆದರೂ ಅದು ಉಳಿಯಿತು. ಮುಂದೆ ರಾಜ್ಯಕ್ಕೊಂದರಂತೆ ಶಾಖೆಗಳನ್ನು ಬೆಳೆಸಿಕೊಂಡಿತು.

ಭಾರತದಲ್ಲಿ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ಕೋಲ್ಕತ್ತಾದಲ್ಲಿ ಸ್ಥಾಪನೆಯಾದದ್ದು 1948ರಲ್ಲಿ. ಮೊದಲ ಅಧ್ಯಕ್ಷರಾದ ಡಾ. ಬಿಧಾನ್ ಚಂದ್ರ ರಾಯ್ ಅದೇ ವರ್ಷ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯೂ ಆಗಿದ್ದರು. ಅಹವಾಲು ಕೊಡುವವರೂ ಅದನ್ನು ಪಡೆಯುವವರೂ ಒಬ್ಬರೇ ಆಗಿದ್ದ ಅಂಥ ಅನುಕೂಲ ಸಂಘಕ್ಕೆ ಮತ್ತೆ ಒದಗಲಿಲ್ಲ. ಮರುವರ್ಷವೇ ‘ಇಂಡಿಯನ್ ಹಾರ್ಟ್ ಜರ್ನಲ್’ ಆರಂಭವಾಯಿತು. ಅಂದಿನ ಭಾರತದ ವಾರ್ಡುಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದದ್ದು ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟ ಎಳೆಯ ವಯಸ್ಸಿನವರು. ಪಾಶ್ಚಾತ್ಯ ಪಠ್ಯಗಳು ಅಷ್ಟಾಗಿ ಗಮನ ಕೊಡದ ಈ ಬಡವರ ರೋಗಕ್ಕೆ ವೈದ್ಯಲೋಕದಲ್ಲಿ ಜಾಗ ಕೊಡಿಸಲು ದುಡಿದವರಲ್ಲಿ ಡಾ. ಎಸ್. ಪದ್ಮಾವತಿ ಪ್ರಮುಖರು. ಬರ್ಮಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಹೆಲೆನ್ ಟೌಸಿಗ್ ಮತ್ತು ಪಾಲ್ ಡಡ್ಲಿ ವೈಟ್ ಅವರ ಬಳಿ ಕಲಿತು ಬಂದ ಅವರು 1962ರಲ್ಲಿ ಆಲ್ ಇಂಡಿಯಾ ಹಾರ್ಟ್ ಫೌಂಡೇಷನ್ ಸ್ಥಾಪಿಸಿದರು. 1966ರಲ್ಲಿ ದೆಹಲಿಯಲ್ಲಿ ವಿಶ್ವ ಹೃದ್ರೋಗ ಸಮ್ಮೇಳನ ನಡೆದದ್ದರಲ್ಲೂ ಅವರ ಪಾತ್ರ ದೊಡ್ಡದು.

ಚಿಕಿತ್ಸೆ ದುಬಾರಿಯಾದಂತೆ ಸಂಘಗಳ ಸ್ವರೂಪ ಬದಲಾಯಿತು. ಆ್ಯಂಜಿಯೋಪ್ಲಾಸ್ಟಿ, ಪೇಸ್‌ಮೇಕರ್, ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಬಂದವು. ಅವುಗಳ ಹಿಂದೆ ವಿಮೆ, ದರಪಟ್ಟಿ, ಕಂಪನಿಗಳೂ ಬಂದವು. ಸದಸ್ಯರಿಗೆ ಹೋಗುವ ಸುದ್ದಿಪತ್ರದಲ್ಲಿ ಪ್ರಬಂಧದ ಜೊತೆಗೆ ಶಾಸನಸಭೆಯ ಸುದ್ದಿಯೂ ಸೇರಿತು. ಅಮೆರಿಕದಲ್ಲಿ ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್ 2010ರ ದರಪಟ್ಟಿಯಲ್ಲಿ ಹೃದಯ ಪರೀಕ್ಷೆಗಳ ಶುಲ್ಕ ಇಳಿಸಿದಾಗ ಕಾರ್ಡಿಯಾಲಜಿ ಕಾಲೇಜು ನ್ಯಾಯಾಲಯದ ಮೆಟ್ಟಿಲೇರಿ ಸೋತಿತು. ಆ ಬಳಿಕ ಸ್ವಂತ ಕ್ಲಿನಿಕ್ ಇಟ್ಟುಕೊಂಡಿದ್ದ ತಜ್ಞರು ದೊಡ್ಡ ಸಂಖ್ಯೆಯಲ್ಲಿ ಆಸ್ಪತ್ರೆಗಳ ನೌಕರರಾದರು. ಅದೇ ಕಾಲೇಜು 2006ರಲ್ಲಿ ಇನ್ನೊಂದು ಕೆಲಸ ಕೈಗೆತ್ತಿಕೊಂಡಿತ್ತು. ಹೃದಯಾಘಾತದ ರೋಗಿ ಆಸ್ಪತ್ರೆ ಬಾಗಿಲು ದಾಟಿದ 90 ನಿಮಿಷದೊಳಗೆ ಮುಚ್ಚಿದ ರಕ್ತನಾಳ ತೆರೆಯಬೇಕು ಎಂಬ ಚಳವಳಿ ಅದು. ಇದು ಫಲ ಕೊಟ್ಟಿತು. ಸದಸ್ಯರ ಹಿತ ಮತ್ತು ರೋಗಿಯ ಹಿತ ಒಂದೇ ದಿಕ್ಕಿಗೆ ಮುಖ ಮಾಡಿದಾಗ ಸಂಘದ ಮಾತಿಗೆ ತೂಕ ಬರುತ್ತದೆ. ಇಲ್ಲವಾದರೆ ಅದು ಕೇಳುವವರಿಗೆ ಸಂಬಳದ ಬೇಡಿಕೆಯಂತೆ ಕೇಳಿಸುತ್ತದೆ.

ಭಾರತದಲ್ಲಿ ಈ ಇಕ್ಕಟ್ಟು ಬಯಲಿಗೆ ಬಂದದ್ದು ಸ್ಟೆಂಟ್ ಬೆಲೆಯ ವಿಷಯದಲ್ಲಿ. ಇದನ್ನು ನ್ಯಾಯಾಲಯಕ್ಕೆ ಒಯ್ದದ್ದು ಯಾವ ಹೃದ್ರೋಗ ಸಂಘವೂ ಅಲ್ಲ, ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ ವಕೀಲರೊಬ್ಬರು. 2016ರಲ್ಲಿ ಸ್ಟೆಂಟ್ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಬರಿ ಲೋಹದ ಸ್ಟೆಂಟ್‌ಗೆ 7,260 ರೂಪಾಯಿ, ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ ಗರಿಷ್ಠ ಬೆಲೆ ಎಂದು ಆದೇಶಿಸಿತು. ಅಲ್ಲಿಯವರೆಗೆ ರೋಗಿಗಳು ಒಂದು ಔಷಧ ಲೇಪಿತ ಸ್ಟೆಂಟ್‌ಗೆ ಲಕ್ಷ ದಾಟಿ ತೆತ್ತದ್ದೂ ಇತ್ತು. ಕೆಲವು ವಿದೇಶಿ ಕಂಪನಿಗಳು ತಮ್ಮ ಹೊಸ ಮಾದರಿಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯಲು ಅನುಮತಿ ಕೇಳಿದವು. ಹೊಸ ಪೀಳಿಗೆಯ ಸ್ಟೆಂಟ್‌ಗಳಿಗೆ ಪ್ರತ್ಯೇಕ ದರ ಬೇಕೆಂಬ ವಾದ ವೈದ್ಯರ ನಡುವೆಯೂ ಕೇಳಿಬಂತು. 2018ರ ಪರಿಷ್ಕರಣೆಯಲ್ಲಿ ಪ್ರಾಧಿಕಾರ ಅದನ್ನು ಒಪ್ಪದೆ ಔಷಧ ಲೇಪಿತ ಸ್ಟೆಂಟ್‌ನ ಬೆಲೆಯನ್ನು 27,890ಕ್ಕೆ ಇಳಿಸಿತು. ರೋಗಿಯ ಜೇಬಿನ ಪ್ರಶ್ನೆ ಇಷ್ಟು ನೇರವಾಗಿ ಎದ್ದಾಗ ಮುಂದಾಳತ್ವ ವೃತ್ತಿ ಸಂಘಗಳದ್ದಾಗಿರಲಿಲ್ಲ ಎಂಬುದನ್ನು ಈ ಚರಿತ್ರೆ ಬರೆಯುವವರು ಬಿಟ್ಟುಬಿಡುವಂತಿಲ್ಲ.

ಇದಕ್ಕೆ ಒಂದು ಕಾರಣ ಹಣದ್ದು. ವೈದ್ಯರ ದೊಡ್ಡ ಸಮ್ಮೇಳನಗಳ ಸಭಾಂಗಣ, ಊಟ, ವಸತಿ, ಮಳಿಗೆಗಳ ಹಿಂದೆ ಔಷಧ ಮತ್ತು ಉಪಕರಣ ಕಂಪನಿಗಳ ಪ್ರಾಯೋಜಕತ್ವ ಇರುವುದು ಗುಟ್ಟೇನಲ್ಲ. ಕಂಪನಿಗಳಿಂದ ಉಡುಗೊರೆ, ಪ್ರವಾಸ ಪಡೆಯುವುದನ್ನು ಭಾರತೀಯ ವೈದ್ಯಕೀಯ ಪರಿಷತ್ತು 2009ರಲ್ಲೇ ನಿಷೇಧಿಸಿತ್ತು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೂ ಮುಂದೆ ಹೋಗಿ, ಕಂಪನಿಗಳ ಪ್ರಾಯೋಜಕತ್ವ ಇರುವ ಸಮ್ಮೇಳನ, ಕಾರ್ಯಾಗಾರಗಳಲ್ಲಿ ವೈದ್ಯರು ಭಾಗವಹಿಸಕೂಡದು ಎಂಬ ನಿಯಮ ತಂದಿತು. ವೈದ್ಯ ಸಮುದಾಯದಿಂದ ವಿರೋಧ ಬಂದು, ಆ ತಿಂಗಳು ಮುಗಿಯುವ ಮೊದಲೇ ನಿಯಮಾವಳಿಯನ್ನು ತಡೆಹಿಡಿಯಲಾಯಿತು.

ಇನ್ನು ಕಾರ್ಡಿಯಾಲಜಿಕಲ್ ಸೊಸೈಟಿಯ ಪ್ರಾದೇಶಿಕ ಶಾಖೆಗಳ ಸಾಧನೆಗೆ ಉತ್ತಮ ಉದಾಹರಣೆ ಕೇರಳ. ಅಲ್ಲಿನ ಶಾಖೆ 2007ರಿಂದ 2009ರವರೆಗೆ 125 ಆಸ್ಪತ್ರೆಗಳಿಂದ ತೀವ್ರ ಹೃದಯಾಘಾತ ಮತ್ತು ಅದರಂಥ ತುರ್ತು ಸ್ಥಿತಿಯ 25,748 ರೋಗಿಗಳ ದಾಖಲೆ ಸಂಗ್ರಹಿಸಿತು. ರಕ್ತನಾಳ ಪೂರ್ತಿ ಮುಚ್ಚಿಹೋಗುವ ಬಗೆಯ ಆಘಾತಕ್ಕೆ ಒಳಗಾದವರಲ್ಲಿ ಶೇ 41ರಷ್ಟು ಮಂದಿ ನೋವು ಕಾಣಿಸಿಕೊಂಡು ಆರು ಗಂಟೆ ಕಳೆದ ಮೇಲೆ ಆಸ್ಪತ್ರೆ ಮುಟ್ಟಿದ್ದರು. ಹೃದಯಾಘಾತದ ಸಾವು ತಡೆಯಲು ಆಸ್ಪತ್ರೆ ಕಟ್ಟಿದರೆ ಸಾಲದು, ದಾರಿಯಲ್ಲಿ ಕಳೆದುಹೋಗುವ ಹೊತ್ತನ್ನೂ ಗಮನಿಸಬೇಕೆಂದು ಹೇಳಲು ಇದಕ್ಕಿಂತ ಗಟ್ಟಿ ಆಧಾರ ಬೇಕಿರಲಿಲ್ಲ. ಮುಂದೆ ಅದೇ ಜಾಲ 63 ಆಸ್ಪತ್ರೆಗಳಲ್ಲಿ 21,374 ರೋಗಿಗಳ ಮೇಲೆ ಆರೈಕೆ ಸುಧಾರಣೆಯ ಪ್ರಯೋಗ ನಡೆಸಿ, 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಲೆಕ್ಕಾಚಾರ ಸರಿದೂಗಿಸಿದ ಮೇಲೆ ರೋಗಿಗಳ ಸ್ಥಿತಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆಶಿಸಿದ್ದು ಸಿಗದಿದ್ದರೂ ಅದನ್ನು ಮುಚ್ಚಿಡದೆ ಪ್ರಕಟಿಸಿದ್ದು ಆ ಶಾಖೆಯ ಮಾತಿನ ಮೇಲಿನ ನಂಬಿಕೆಯನ್ನು ಹೆಚ್ಚಿಸಿತು.

ಕರ್ನಾಟಕದಲ್ಲೂ ಸೊಸೈಟಿಯ ಶಾಖೆ ಇದೆ. ಆದರೆ ಇಲ್ಲಿ ನೀತಿಯನ್ನು ತಿದ್ದಿದ್ದು ಹೆಚ್ಚಾಗಿ ಸಂಸ್ಥೆಗಳು ಮತ್ತು ವ್ಯಕ್ತಿಗಳು. ಮೊದಲಿಗೆ ನೆನಪಾಗುವುದು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ. ಅದನ್ನು ದೀರ್ಘಕಾಲ ಮುನ್ನಡೆಸಿದ ಡಾ. ಸಿ.ಎನ್. ಮಂಜುನಾಥ್ 2024ರಲ್ಲಿ ಲೋಕಸಭೆ ಪ್ರವೇಶಿಸಿದರು. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿಂದ ಬರುವ ಗೆರೆಗಳನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲೇ ಓದಿ ಹೇಳುವ ವ್ಯವಸ್ಥೆ ಕಟ್ಟಿದರು. ನೂರು ವರ್ಷದ ಹಿಂದಿನ ಓದುಕೂಟ ಹೊಸ ರೂಪದಲ್ಲಿ ಬಂದಂತಾಯಿತು, ಆದರೆ ಈ ಸಲ ರೋಗಿ ಹೊರಗುಳಿಯಲಿಲ್ಲ. ಸರ್ಕಾರ 2023ರಲ್ಲಿ ಪ್ರಕಟಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ತತ್ವದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಲಾಗುತ್ತದೆ.

ತಜ್ಞರ ಮಾತಿಗೆ ನಿಜವಾದ ಪರೀಕ್ಷೆ ಎದುರಾದದ್ದು 2025ರ ಬೇಸಿಗೆಯ ಕೊನೆಯಲ್ಲಿ. ಹಾಸನ ಜಿಲ್ಲೆಯಿಂದ ಯುವಕರ ಹಠಾತ್ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದವು. ಕೋವಿಡ್ ಲಸಿಕೆಯೇ ಕಾರಣವೆಂಬ ಅನುಮಾನ ರಾಜಕೀಯ ವಲಯದಲ್ಲೂ ಕೇಳಿಸಿತು. ಗಾಬರಿಗೊಂಡ ಜನ ತಪಾಸಣೆಗಾಗಿ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಜುಲೈನಲ್ಲಿ ವರದಿ ಕೊಟ್ಟು, ಕೋವಿಡ್ ಅಥವಾ ಲಸಿಕೆಗೂ ಈ ಸಾವುಗಳಿಗೂ ನಂಟಿಗೆ ಪುರಾವೆ ಇಲ್ಲವೆಂದು ತಿಳಿಸಿತು. ಇದರ ಬೆನ್ನಿಗೇ ಆರೋಗ್ಯ ಇಲಾಖೆ, ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಿ ಮರಣೋತ್ತರ ಪರೀಕ್ಷೆಗೆ ಒಳಪಡಿಸುವ ಕ್ರಮವನ್ನು ಪ್ರಕಟಿಸಿತು.