ಸಿಖ್ ಕನ್ಯಾ ಮಹಾವಿದ್ಯಾಲಯ, ಫಿರೋಜ್‌ಪುರ

ಪಂಜಾಬಿನ ಫಿರೋಜ್‌ಪುರದಲ್ಲಿ 1892ರಲ್ಲಿ ಸ್ಥಾಪಿತವಾದ ಬಾಲಿಕಾ ವಿದ್ಯಾಸಂಸ್ಥೆ. ಸಿಖ್ ಸಮಾಜದ ಸ್ತ್ರೀವಿದ್ಯಾಭ್ಯಾಸಕ್ಕೆ ತಳಹದಿಯಿಟ್ಟ ಶಾಲೆಗಳಲ್ಲಿ ಅಗ್ರಗಣ್ಯವಾದುದು. ಇದರ ಆಶ್ರಯದಲ್ಲಿ 1907ರಲ್ಲಿ ಪ್ರಾರಂಭವಾದ ಪಂಜಾಬೀ ಭೈಣ್ (ಪಂಜಾಬಿ ಸೋದರಿ) ಎಂಬ ಮಾಸಪತ್ರಿಕೆಯು ಪಂಜಾಬಿ ಭಾಷೆಯ ಆದ್ಯ ಸ್ತ್ರೀಪತ್ರಿಕೆಗಳಲ್ಲೊಂದು.

ಸ್ಥಾಪನೆ: 1873ರಲ್ಲಿ ಅಮೃತಸರದಲ್ಲಿಯೂ 1879ರಲ್ಲಿ ಲಾಹೋರಿನಲ್ಲಿಯೂ ಹುಟ್ಟಿದ ಸಿಂಗ್ ಸಭೆಗಳು, ಕ್ರೈಸ್ತ ಮಿಷನರಿಗಳ ಮತ್ತು ಆರ್ಯಸಮಾಜದ ಪ್ರಚಾರದ ಎದುರಿನಲ್ಲಿ ಸ್ವಮತದ ಪುನರುಜ್ಜೀವನಕ್ಕೆ ತೊಡಗಿದಾಗ, ಮನೆಯ ಹೆಣ್ಣುಮಕ್ಕಳಿಗೆ ಅಕ್ಷರ ಬಾರದಿದ್ದರೆ ಸುಧಾರಣೆಯು ಹೊಸಿಲನ್ನು ದಾಟದೆಂಬ ಅರಿವು ಮೂಡಿತು. ಲಾಹೋರಿನಲ್ಲಿ ಜ್ಞಾನಿ ದಿತ್ ಸಿಂಗರ ಶಿಷ್ಯರಾಗಿದ್ದ ಭಾಯಿ ತಖ್ತ್ ಸಿಂಗರು ಈ ಅರಿವನ್ನೇ ತಮ್ಮ ಬಾಳಿನ ವ್ರತವನ್ನಾಗಿ ಸ್ವೀಕರಿಸಿ ಈ ಶಾಲೆಯನ್ನು ಸ್ಥಾಪಿಸಿದರು. ಪತ್ನಿ ಬೀಬಿ ಹರ್‌ನಾಮ್ ಕೌರರು ಅಧ್ಯಾಪನದಲ್ಲಿಯೂ ಬಾಲಿಕೆಯರ ಪಾಲನೆಯಲ್ಲಿಯೂ ಅವರೊಡನೆ ದುಡಿದು, 1906ರಲ್ಲಿ ಕಿರಿವಯಸ್ಸಿನಲ್ಲಿಯೇ ದಿವಂಗತರಾದರು.

ವಸತಿಗೃಹ: 1904ರಲ್ಲಿ ತೆರೆದ ವಸತಿಗೃಹದಿಂದಾಗಿ, ಊರಿನ ಮಟ್ಟಿಗೆ ಸೀಮಿತವಾಗಿದ್ದ ಪಾಠಶಾಲೆಯು ದೂರದ ಗ್ರಾಮಗಳ ಕನ್ಯೆಯರಿಗೂ ಆಶ್ರಯವಾಯಿತು. ಮಗಳನ್ನು ಪರಸ್ಥಳದಲ್ಲಿ ಬಿಟ್ಟುಬರಲು ತಂದೆತಾಯಿಗಳು ಅಂಜುತ್ತಿದ್ದ ಆ ಕಾಲದಲ್ಲಿ, ದಂಪತಿಗಳೇ ಪೋಷಕಸ್ಥಾನದಲ್ಲಿ ನಿಂತುದು ಸಂಸ್ಥೆಯ ಅಭ್ಯುದಯಕ್ಕೆ ಮುಖ್ಯ ಕಾರಣವೆನ್ನಬಹುದು. ಧನಸಂಗ್ರಹಕ್ಕಾಗಿ ತಖ್ತ್ ಸಿಂಗರು ಪೂರ್ವದೇಶಗಳಲ್ಲಿ ನೆಲೆಸಿದ್ದ ಸಿಖ್ಖರಲ್ಲಿಗೂ ಯಾತ್ರೆ ಕೈಗೊಂಡರು. 1901ರಲ್ಲಿ ನಿಧನರಾದ ಗುರು ದಿತ್ ಸಿಂಗರ ಹೆಸರನ್ನು ಶಾಲೆಯ ಗ್ರಂಥಾಲಯಕ್ಕೆ ಇಡಲಾಯಿತು.

ಪತ್ರಿಕೆ: ಜಾಲಂಧರದ ಕನ್ಯಾ ಮಹಾವಿದ್ಯಾಲಯವು ಪಾಂಚಾಲ ಪಂಡಿತಾ ಎಂಬ ಪತ್ರಿಕೆಯನ್ನು ಹೊರಡಿಸಿ, ಶಾಲೆಯೊಂದು ತನ್ನ ಪ್ರಾಕಾರದ ಆಚೆಗೂ ಪಾಠ ಹೇಳಬಹುದೆಂದು ಆ ಮೊದಲೇ ತೋರಿಸಿದ್ದಿತು. ಪಂಜಾಬೀ ಭೈಣ್ ಸಹ ಗೃಹಕೃತ್ಯ, ಶಿಶುಪಾಲನೆ, ಆರೋಗ್ಯ, ಧರ್ಮಬೋಧೆಗಳನ್ನೊಳಗೊಂಡಿದ್ದು, ಮದುವೆಗಳ ದುಂದುವೆಚ್ಚವನ್ನೂ ಅಶ್ಲೀಲ ಹಾಡುಗಳನ್ನೂ ಖಂಡಿಸುತ್ತಿದ್ದಿತು. ಆದರೆ ವಿಷಯಗಳಿಗಿಂತಲೂ ಪತ್ರಿಕೆಯ ಗುರುಮುಖಿ ಲಿಪಿಯೇ ಇಲ್ಲಿ ವಿಶೇಷವಾಗಿ ಗಮನಾರ್ಹ. ಬ್ರಿಟಿಷರ ಆಡಳಿತದಲ್ಲಿ ಪಂಜಾಬಿನ ಕಚೇರಿಗಳ ಭಾಷೆ ಉರ್ದುವಾಗಿದ್ದುದರಿಂದ ಉದ್ಯೋಗಾಪೇಕ್ಷಿಗಳಾದ ಬಾಲಕರು ಪಾರಸಿ ಲಿಪಿಯನ್ನು ಕಲಿಯುತ್ತಿದ್ದರು. ಸರ್ಕಾರಿ ನೌಕರಿಯ ನಿರೀಕ್ಷೆಯಿಲ್ಲದ ಬಾಲಿಕೆಯರಿಗೋ ಗುರುಗ್ರಂಥದ ಪಠನಕ್ಕೆ ಅವಶ್ಯವಾದ ಗುರುಮುಖಿಯೇ ವಿದ್ಯೆಯ ದ್ವಾರವಾಯಿತು. ಹೀಗೆ ರಾಜಾಶ್ರಯವಿಲ್ಲದ ಲಿಪಿಗೆ ಸ್ತ್ರೀಯರೇ ನಿಷ್ಠಾವಂತ ಓದುಗರಾದರು. 1898ರಲ್ಲಿ ಸುಂದರಿ ಎಂಬ ಕಾದಂಬರಿಯನ್ನೂ ಮರುವರ್ಷ ಖಾಲ್ಸಾ ಸಮಾಚಾರ್ ವಾರಪತ್ರಿಕೆಯನ್ನೂ ನೀಡಿದ ಭಾಯಿ ವೀರ್ ಸಿಂಗರ ಬರವಣಿಗೆಯನ್ನು ಓದಿ ಬೆಳೆಸಿದ ವರ್ಗದಲ್ಲಿ ಇಂತಹ ಶಾಲೆಗಳ ವಿದ್ಯಾರ್ಥಿನಿಯರ ಪಾಲು ಅಲ್ಪವಲ್ಲವೆಂದು ಊಹಿಸಲವಕಾಶವಿದೆ.

ಸ್ಥಾನ: ಶಾಲೆಯೂ ಪತ್ರಿಕೆಯೂ ಮುಂದಿಟ್ಟ ಆದರ್ಶವು ಬಹುಮಟ್ಟಿಗೆ ಸುಗೃಹಿಣಿಯದೇ ಆಗಿದ್ದು, ಸ್ವತಂತ್ರ ವೃತ್ತಿಜೀವನವು ಅದರ ಉದ್ದೇಶವಾಗಿರಲಿಲ್ಲ. ಆದರೂ ಪತಿಗೃಹಕ್ಕೆ ತೆರಳಿದ ಮೇಲೆಯೂ ಓದನ್ನು ಬಿಡದ ಸ್ತ್ರೀಸಮುದಾಯವೊಂದನ್ನು ಇವು ನಿರ್ಮಿಸಿದವು. ಈ ಕಾರಣದಿಂದ ಫಿರೋಜ್‌ಪುರದ ಈ ಶಾಲೆಗೆ ಶಿಕ್ಷಣದ ಇತಿಹಾಸದಲ್ಲಿರುವಷ್ಟೇ ಗೌರವಸ್ಥಾನವು ಪಂಜಾಬಿ ಗದ್ಯದ ಇತಿಹಾಸದಲ್ಲಿಯೂ ಸಲ್ಲತಕ್ಕದ್ದು.