ಕೌದಿ: ಪದರ ಹಾಸುವಿಕೆ ಮತ್ತು ಕಚ್ಚಾ ಹೊಲಿಗೆ

ಹಳೆಯ ಸೀರೆ, ಧೋತರ ಹಾಗೂ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಸಾಲುಸಾಲಾಗಿ ಕೈಯಿಂದ ಹೊಲಿದು ಸಿದ್ಧಪಡಿಸುವ ಹಾಸಿಗೆ ಹಾಗೂ ಹೊದಿಕೆಯೇ ಕೌದಿ. ಉತ್ತರ ಕರ್ನಾಟಕದಲ್ಲಿಯೂ ಅದಕ್ಕೆ ಹೊಂದಿಕೊಂಡ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮನೆಗಳಲ್ಲಿಯೂ ಇದು ಬಳಕೆಯಲ್ಲಿದೆ. ಮರಾಠಿಯಲ್ಲಿ ಇದನ್ನು ಗೋಧಡಿ, ವಾಕಳ ಎಂದೂ ತೆಲುಗಿನಲ್ಲಿ ಬೊಂತ ಎಂದೂ ಕರೆಯುತ್ತಾರೆ. ಕನ್ನಡದಲ್ಲಿ ಬೊಂತೆ ಎಂಬ ಹೆಸರೂ ಉಂಟು.

ಕೌದಿಯ ಅಂದವನ್ನು ನಾವು ಮೇಲಿನ ಹೊಲಿಗೆಯಲ್ಲಿ ಕಾಣುತ್ತೇವೆ. ಆದರೆ ಅದರ ಬಾಳಿಕೆಯನ್ನು ನಿರ್ಧರಿಸುವುದು ಅದಕ್ಕಿಂತ ಮೊದಲಿನ ಎರಡು ಕೆಲಸಗಳು: ಪದರ ಹಾಸುವುದು ಮತ್ತು ಕಚ್ಚಾ ಹೊಲಿಗೆ ಹಾಕುವುದು. ಅಗಲಿದ ಅಜ್ಜಿಯ ಸೀರೆಯನ್ನು ಒಮ್ಮೆ ಮಾತ್ರ ಕತ್ತರಿಸಬಹುದು. ಸವೆದ ಬಟ್ಟೆಯ ಮೇಲೆ ಒತ್ತಾಗಿ ಬಿದ್ದ ಹೊಲಿಗೆಯನ್ನು ಬಿಚ್ಚಹೋದರೆ ಬಟ್ಟೆಯೇ ಹರಿಯುತ್ತದೆ. ತಪ್ಪನ್ನು ಹಾನಿಯಿಲ್ಲದೆ ತಿದ್ದಲು ಅವಕಾಶವಿರುವುದು ಕಚ್ಚಾ ಹೊಲಿಗೆಯ ಹಂತದವರೆಗೆ ಮಾತ್ರ.

ಬಟ್ಟೆಯ ಸಿದ್ಧತೆ

ಎಲ್ಲ ಬಟ್ಟೆಗಳನ್ನೂ ಮೊದಲು ಒಗೆದು ಒಣಗಿಸಬೇಕು. ಹೊಸ ಬಟ್ಟೆ ಸೇರಿಸುವುದಾದರೆ ಇದು ಕಡ್ಡಾಯ. ಇಲ್ಲವಾದರೆ ಮೊದಲ ಒಗೆತಕ್ಕೆ ಅದೊಂದೇ ಕುಗ್ಗಿ ಉಳಿದ ಪದರಗಳನ್ನು ಸುಕ್ಕುಗಟ್ಟಿಸುತ್ತದೆ. ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಬಿಡುವ ತುಂಡನ್ನು ಬೇರೆಯಾಗಿಡುವುದು ಒಳಿತು.

ಇಳಕಲ್ ಸೀರೆಯಾದರೆ ಸೆರಗನ್ನು ಬೇರ್ಪಡಿಸಬೇಕು. ಮೈ ಹತ್ತಿಯದಾಗಿದ್ದು ಸೆರಗು ರೇಷ್ಮೆಯದಾಗಿದ್ದರೆ ಎರಡೂ ಒಂದೇ ಸಮನಾಗಿ ಕುಗ್ಗುವುದಿಲ್ಲ. 9 ಗಜದ ಸೀರೆ ಎಂದರೆ ಸುಮಾರು 8.2 ಮೀಟರ್. ಸೆರಗು ತೆಗೆದ ಮೇಲೆ ಏಳೂವರೆ ಮೀಟರಿನಷ್ಟು ಉಳಿದರೆ, ಸುಮಾರು 1.8 ಮೀಟರಿನ ನಾಲ್ಕು ತುಂಡುಗಳಾಗುತ್ತವೆ. ಎರಡೆರಡನ್ನು ಪಕ್ಕಕ್ಕೆ ಜೋಡಿಸಿದರೆ ದೊಡ್ಡ ಕೌದಿಗೆ ಎರಡು ಪದರ ದೊರೆಯುತ್ತದೆ.

ಪದರಗಳ ಹಾಸುವಿಕೆ

ಗುಡಿಸಿ ಒರೆಸಿದ ಸಮತಟ್ಟಾದ ನೆಲದ ಮೇಲೆ ತಳದ ಬಟ್ಟೆಯನ್ನು ಒಳಮೈ ಮೇಲಾಗುವಂತೆ ಹಾಸಬೇಕು. ಇದು ಉಳಿದ ಪದರಗಳಿಗಿಂತ ಎಲ್ಲ ಬದಿಗಳಲ್ಲಿಯೂ ನಾಲ್ಕು ಬೆರಳು ದೊಡ್ಡದಿರಲಿ. ಕೊನೆಗೆ ಅಂಚು ಮಡಚಲು ಅದೇ ಬೇಕು. ನಾಲ್ಕು ಮೂಲೆಗಳಿಗೆ ಕಲ್ಲು ಇಲ್ಲವೆ ಕಾಳು ತುಂಬಿದ ಡಬ್ಬಿ ಇಟ್ಟರೆ ಬಟ್ಟೆ ಸರಿಯುವುದಿಲ್ಲ. ಬಟ್ಟೆ ಬಿಗಿಯಾಗಿ ಎಳೆದಂತಿರಬಾರದು, ಸಡಿಲವಾಗಿಯೂ ಇರಬಾರದು.

ನಡುವಿನ ಪದರಗಳಿಗೆ ಹೆಚ್ಚು ಸವೆದ, ಮೃದುವಾದ ಬಟ್ಟೆ ಸಲ್ಲುತ್ತದೆ. ತೆಳುವಾದ ಕೌದಿಗೆ ಮೂರ್ನಾಲ್ಕು ಪದರ ಸಾಕು. ಚಳಿಗಾಲಕ್ಕೆ ಐದಾರು ಬೇಕಾಗಬಹುದು. ಎಲ್ಲ ಪದರಗಳ ಹಾಸುನೂಲು ಒಂದೇ ದಿಕ್ಕಿಗಿರಲಿ. ಒಂದು ಪದರದ ಜೋಡಣೆಯ ಮೇಲೆ ಇನ್ನೊಂದರ ಜೋಡಣೆ ಬೀಳದಂತೆ ಒಂದು ಗೇಣಾದರೂ ಪಕ್ಕಕ್ಕೆ ಸರಿಸಬೇಕು. ಎರಡೂ ಒಂದೇ ಕಡೆ ಬಂದರೆ ಅಲ್ಲಿ ಸೂಜಿ ಇಳಿಯದು, ಮಲಗಿದವರ ಬೆನ್ನಿಗೂ ಒತ್ತುತ್ತದೆ. ಪ್ರತಿ ಪದರವನ್ನೂ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ, ಕೊನೆಗೆ ಮೇಲ್ಮೈಯ ಬಟ್ಟೆಯನ್ನು ಹೊದಿಸಬೇಕು.

ಕಚ್ಚಾ ಹೊಲಿಗೆ

ಇದು ತಾತ್ಕಾಲಿಕ ಹೊಲಿಗೆ. ಕೌದಿಯ ಬಣ್ಣಕ್ಕೆ ಎದ್ದು ಕಾಣುವ ದಾರವನ್ನು ಆರಿಸಿದರೆ ಕೊನೆಗೆ ತೆಗೆಯುವುದು ಸುಲಭ. ಉದ್ದವಾದ ತೆಳು ಸೂಜಿ ಸಾಕು. ದಬ್ಬಣ ಬಳಸಿದರೆ ಹಳೆಯ ಬಟ್ಟೆಯಲ್ಲಿ ತೂತು ಉಳಿಯುತ್ತದೆ.

ನಡುವಿನಿಂದ ಆರಂಭಿಸಿ ನಾಲ್ಕು ಬದಿಗಳಿಗೆ, ಅನಂತರ ನಾಲ್ಕು ಮೂಲೆಗಳಿಗೆ ಹೊಲಿಯಬೇಕು. ಬಳಿಕ ಒಂದೊಂದು ಗೇಣು ಅಂತರದಲ್ಲಿ ಸಾಲುಗಳನ್ನು ಹಾಕಬೇಕು. ಒಂದೊಂದು ಟಾಕಾ ಎರಡು, ಮೂರು ಬೆರಳಿನಷ್ಟು ಉದ್ದವಿದ್ದರೆ ಸರಿ. ನಡುವಿನಿಂದ ಹೊರಟಾಗ ಬಟ್ಟೆಯ ಸಡಿಲು ಅಂಚಿನತ್ತ ಸರಿದುಹೋಗುತ್ತದೆ. ಅಂಚಿನಿಂದ ಹೊರಟರೆ ಅದೆಲ್ಲ ನಡುವೆ ಬಂದು ಸುಕ್ಕಾಗಿ ನಿಲ್ಲುತ್ತದೆ. ದಾರವನ್ನು ಜಗ್ಗಬಾರದು.

ಮುಗಿದ ಮೇಲೆ ಕೌದಿಯನ್ನು ಮಗುಚಿ ತಳವನ್ನು ನೋಡಲೇಬೇಕು. ಮಡಿಕೆ ಕಂಡರೆ ಆ ಸಾಲನ್ನಷ್ಟೇ ಬಿಚ್ಚಿ ಸರಿಪಡಿಸಿದರಾಯಿತು. ಆಮೇಲೆ ಅಂಚು ಮಡಚಿ, ಒತ್ತಾದ ಸಣ್ಣ ಹೊಲಿಗೆ ಹಾಕಿ, ಕೆಲಸವೆಲ್ಲ ಮುಗಿದ ನಂತರ ಕಚ್ಚಾ ದಾರವನ್ನು ತೆಗೆಯಬೇಕು.

ಇನ್ನೊಂದು ಪದ್ಧತಿ

ಉತ್ತರ ಕನ್ನಡದ ಸಿದ್ಧಿ ಮಹಿಳೆಯರ ಕವಂದಿ ಇದಕ್ಕೆ ಭಿನ್ನ. ಅವರು ಅಂಚಿನಿಂದಲೇ ಆರಂಭಿಸಿ, ಮೇಲಿನ ತುಂಡುಗಳನ್ನು ಒಂದೊಂದಾಗಿ ಮಡಚಿ ಹೊಲಿಯುತ್ತ ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ. ಮೇಲ್ಮೈ ಮೊದಲೇ ಇಡಿಯಾಗಿ ಹಾಸಿರದ ಕಾರಣ ಅದು ಜಾರುವ ಭಯವಿಲ್ಲ.

ಪದಗಳ ಬಗ್ಗೆ

ಕೌದಿಯನ್ನು ಗೋಧಡಿ ಎಂದಷ್ಟೇ ಬಲ್ಲ ಕನ್ನಡ ಮಕ್ಕಳನ್ನು ನಾವು ಗಡಿಶಾಲೆಗಳಲ್ಲಿ ಕಾಣುತ್ತಿದ್ದೇವೆ. ನೆರೆಯ ನುಡಿಯ ಪದ ಬಂದುದಕ್ಕೆ ನಮ್ಮ ತಕರಾರಿಲ್ಲ. ಆದರೆ ಹಾಸು, ಗೇಣು, ಟಾಕಾ, ಅಂಚು, ಸೆರಗು ಎಂಬ ಮಾತುಗಳು ಪಠ್ಯದಿಂದಲ್ಲ, ಕೌದಿಯ ಸುತ್ತ ಕುಳಿತವರ ಬಾಯಿಂದ ಮಕ್ಕಳಿಗೆ ಬರುವಂಥವು. ಮನೆಯಲ್ಲಿ ಕೌದಿ ಹಾಸುವ ದಿನ ಮಕ್ಕಳನ್ನು ಬಳಿಗೆ ಕರೆದು, ಒಂದು ಮೂಲೆಯನ್ನು ಹಿಡಿಯಲು ಹೇಳಬೇಕೆಂದು ಪಾಲಕರಲ್ಲಿ ನಮ್ಮ ವಿನಂತಿ.